ಕಪ್ಪು ಸಾವಿಗೆ, ಬಿಳಿ ಮದುವೆಗೆ ಅಂತ ಹೇಳಿದ್ದು ಯಾರು?

ಇವತ್ತು ಬೆಳಿಗ್ಗೆಯಿಂದ ಮೈ ಉರೀತಿದೆ. ಇಂಗ್ಲೆಂಡಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಕೇಳಿದಳು. ಪಕ್ಕದ ಮನೆ ಅಜ್ಜಿ ತೀರಿಕೊಂಡಿದ್ದಾರೆ, ಅಂತ್ಯಕ್ರಿಯೆಗೆ ಬಣ್ಣಬಣ್ಣದ ಬಟ್ಟೆಯಲ್ಲೇ ಬನ್ನಿ ಅಂತ ಮನೆಯವರು ಹೇಳಿದ್ದಾರೆ, ಏನು ಉಡಲಿ? ತಕ್ಷಣ ಹಿರಿಯರೊಬ್ಬರು ಬಣ್ಣಗಳ ಅರ್ಥದ ಒಂದು ಪಟ್ಟಿ ಹಾಕಿದರು. 'ಕಪ್ಪೇ ಹಾಕ್ಕೋಮ್ಮ. ಇಲ್ಲಿಯವರಿಗೆ ಕಪ್ಪು ಸಾವಿಗೆ, ಬಿಳಿ ಮದುವೆಗೆ. ಸಾವಿರಾರು ವರ್ಷದ ಸಂಪ್ರದಾಯ.'

ಯಾವ ಸಾವಿರ ವರ್ಷ ಸ್ವಾಮಿ? ಸ್ಕಾಟ್ಲೆಂಡಿನ ರಾಣಿ ಮೇರಿ 1558ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಯುವರಾಜನನ್ನು ಮದುವೆಯಾದಾಗ ತೊಟ್ಟಿದ್ದು ಬಿಳಿ. 1560ರಲ್ಲಿ ಅವನು ಸತ್ತಾಗ ತೊಟ್ಟಿದ್ದೂ ಬಿಳಿ. ಫ್ರಾನ್ಸಿನ ರಾಣಿಯರು ಆಗ ಶೋಕಕ್ಕೆ ಬಿಳಿಯನ್ನೇ ಹಾಕುತ್ತಿದ್ದರು.

ಮದುವೆಗೆ ಬಿಳಿ ಅನ್ನೋದು ಜನರ ತಲೆಗೆ ಹತ್ತಿದ್ದು 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಸ್ಯಾಟಿನ್ ತೊಟ್ಟು ಆಲ್ಬರ್ಟ್‌ನನ್ನು ಮದುವೆಯಾದ ಮೇಲೆ. ಆಮೇಲೂ ಎಷ್ಟೋ ವರ್ಷ ಬಡವರ ಮನೆ ಹೆಣ್ಣುಮಕ್ಕಳು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡೇ ಮದುವೆಯಾದರು. ಮುಂದೆ ಭಾನುವಾರ ಚರ್ಚಿಗೂ ಅದನ್ನೇ ಹಾಕಬೇಕಿತ್ತಲ್ವಾ?

ಕಪ್ಪಿನ ಕಥೆ ಇನ್ನೂ ಸಿಟ್ಟು ಬರಿಸುತ್ತದೆ. 1841ರಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟ್‌ನಲ್ಲಿ ಶೋಕದ ಬಟ್ಟೆಗೆಂದೇ ಜೇಸ್ ಅನ್ನೋ ದೊಡ್ಡ ಮಳಿಗೆ ಶುರುವಾಯಿತು. ಕೋರ್ಟಾಲ್ಡ್ಸ್ ಕಂಪನಿ ಕ್ರೇಪ್ ನೇಯ್ದು ಮಾರಿ ದುಡ್ಡು ಮಾಡಿತು. ಕ್ರೇಪ್ ಅಂದರೆ ಹೊಳಪೇ ಇಲ್ಲದ, ಸುಕ್ಕುಸುಕ್ಕಾದ ಕಪ್ಪು ರೇಷ್ಮೆ. ಮಳೆಗೆ ನೆನೆದರೆ ಬಣ್ಣ ಬಿಟ್ಟು ಮೈಗೆಲ್ಲ ಮೆತ್ತಿಕೊಳ್ಳುತ್ತಿತ್ತು. ಗಂಡ ಸತ್ತವಳು ಎರಡು ವರ್ಷಕ್ಕೂ ಜಾಸ್ತಿ ಶೋಕದ ಬಟ್ಟೆಯಲ್ಲೇ ಇರಬೇಕಿತ್ತು. ಕೊನೆಕೊನೆಗೆ ಬೂದು, ತಿಳಿ ನೇರಳೆ ಹಾಕಬಹುದಿತ್ತು. ಹೆಂಡತಿ ಸತ್ತವನಿಗೆ? ಮಾಮೂಲಿ ಕರಿ ಸೂಟು, ಟೋಪಿಗೊಂದು ಕಪ್ಪು ಪಟ್ಟಿ, ಅದೂ ಕೆಲವು ತಿಂಗಳು. ಇದಕ್ಕೆ ಸಂಪ್ರದಾಯ ಅಂತ ಕೈಮುಗಿಯೋಕೆ ನನ್ನಿಂದ ಆಗಲ್ಲ.

'ರೋಮನ್ನರೂ ಸಾವಿಗೆ ಕಡುಬಣ್ಣದ ಬಟ್ಟೆ ಹಾಕುತ್ತಿದ್ದರಲ್ಲ' ಅಂತ ಇನ್ನೊಬ್ಬರು ವಾದಕ್ಕೆ ಬಂದರು. ಹಾಕುತ್ತಿದ್ದರು, ಇಲ್ಲ ಅಂದವರು ಯಾರು? ಹಾಗಂತ ದುಃಖದಲ್ಲಿರುವ ಮನೆಯವರೇ ಬಣ್ಣದ ಬಟ್ಟೆ ಹಾಕಿ ಬನ್ನಿ ಅಂದಾಗ ರೋಮನ್ನರ ಮಾತು ಕೇಳಬೇಕಾ? ಗಂಡ ಸತ್ತ ಮೇಲೆ ಸುಮಾರು 40 ವರ್ಷ ಕಪ್ಪಿನಲ್ಲೇ ಕಳೆದ ವಿಕ್ಟೋರಿಯಾ ಕೂಡ ತನ್ನ ಅಂತ್ಯಕ್ರಿಯೆಗೆ ಕಪ್ಪು ಬೇಡ, ಬಿಳಿ ಇರಲಿ ಅಂತ ಬರೆದಿಟ್ಟಿದ್ದಳು. 1901ರಲ್ಲಿ ಅವಳನ್ನು ಮಣ್ಣು ಮಾಡಿದ್ದು ಬಿಳಿ ಉಡುಪಿನಲ್ಲೇ.

ಆ ಪಟ್ಟಿಯಲ್ಲಿ 'ಭಾರತದಲ್ಲಿ ವಿಧವೆಗೆ ಬಿಳಿ' ಅಂತಲೂ ಇತ್ತು. ನಮ್ಮ ಮನೆಗೆ ಬಂದು ಹೋಗಿ ಮಾಡಿದವರಿಗೆ ನಮ್ಮ ದೊಡ್ಡಜ್ಜಿ ನೆನಪಿರುತ್ತಾರೆ. ಚಿಕ್ಕ ವಯಸ್ಸಿಗೇ ತಲೆ ಬೋಳಿಸಿ, ಮಡಿ ಹೆಂಗಸು ಮಾಡಿ ಕೂರಿಸಿದರು. ಅವರಿಗೆ ಉಡಿಸಿದ್ದು ಕೆಂಪು ಸೀರೆ. ಸಾಯೋವರೆಗೂ ಅದೇ ಕೆಂಪು, ತಲೆ ತುಂಬ ಸೆರಗು. ಅವರಿಗೆ ಹಸಿರು ಅಂದರೆ ಪ್ರಾಣ ಅಂತ ಅಮ್ಮ ಹೇಳುತ್ತಿದ್ದರು. ಒಂದು ದಿನಕ್ಕೂ ಯಾರೂ ಉಡಲು ಬಿಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಹೋಗೋದೂ ಬೇಡ.