ಐದು ವರ್ಷದ ಮಗುವಿಗೆ ಸ್ಕೂಬಾ ಇಲ್ಲ

"ಮುರುಡೇಶ್ವರದ ನೇತ್ರಾಣಿಯಲ್ಲಿ ಐದು ವರ್ಷದ ಮಕ್ಕಳೂ ಸ್ಕೂಬಾ ಮಾಡಬಹುದು, ಸಂಜೆಗೇ ವಾಪಸ್" ಎಂಬ ಸಂದೇಶ ಶಿವಮೊಗ್ಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ನೀರಿನಡಿ ಈಜುವುದು) ಕಲಿಸುವ ಅಂತರರಾಷ್ಟ್ರೀಯ ಸಂಸ್ಥೆ ಪಾಡಿಯ ನಿಯಮದಂತೆ ಸಮುದ್ರದಲ್ಲಿ ಸ್ಕೂಬಾಗೆ 10 ವರ್ಷ ತುಂಬಿರಬೇಕು. 8 ತುಂಬಿದವರಿಗೆ 'ಬಬಲ್‌ಮೇಕರ್' ಎಂಬ ಮಕ್ಕಳ ಪರಿಚಯ ತರಬೇತಿ ಇದೆ, ಅದೂ 2 ಮೀಟರ್ ಆಳದೊಳಗೆ.

ಈಜು ಬಂದರೆ ಸಾಕಲ್ವಾ? ಸಾಲದು. ಇಳಿಯುವಾಗ ಕಿವಿಯೊಳಗಿನ ಒತ್ತಡ ಸರಿದೂಗಿಸಬೇಕು. ಚಿಕ್ಕ ಮಕ್ಕಳಿಗೆ ಅದು ಕಷ್ಟ. ಹೆದರಿ ಉಸಿರು ಬಿಗಿಹಿಡಿದು ಮೇಲೆ ಬಂದರೆ ಶ್ವಾಸಕೋಶಕ್ಕೇ ಪೆಟ್ಟು. ಇದನ್ನು ಮಗುವಿಗೆ ಸುಮ್ನೆ ಹೇಳಿದರೆ ಆಗುವುದಿಲ್ಲ.

ಇನ್ನು ಸಂಜೆಗೇ ವಾಪಸ್ ಎನ್ನುವುದು. ಡೈವ್ ಮಾಡಿದವರ ಮೈಯಲ್ಲಿ ಜಾಸ್ತಿ ನೈಟ್ರೋಜನ್ ಉಳಿದಿರುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಅದು ಮೈಯೊಳಗೆ ಗುಳ್ಳೆಯಾಗಿ ತೊಂದರೆ ಕೊಡಬಹುದು. ಶಿವಮೊಗ್ಗ ಇರುವುದು ಸುಮಾರು 570 ಮೀಟರ್ ಎತ್ತರದಲ್ಲಿ. ದೊಡ್ಡವರು ಡೈವ್ ಮಾಡಿದ್ದರೆ ರಾತ್ರಿ ಕಡಲ ಪಕ್ಕವೇ ಉಳಿದು, ಮರುದಿನ ಘಟ್ಟ ಹತ್ತುವುದು ಒಳ್ಳೆಯದು.