ಡಿಪೆಂಡೆನ್ಸಿಯ ಆವೃತ್ತಿಗೆ ಲೈಬ್ರರಿಯು ಮೇಲ್ಮಿತಿ ಹಾಕಬೇಕೇ?

ಪರ

ಪೈಥಾನ್ ಲೈಬ್ರರಿಯೊಂದನ್ನು ಪ್ಯಾಕೇಜ್ ಮಾಡುವವರು, ಅದು ನೆಚ್ಚಿಕೊಂಡ ಇತರ ಪ್ಯಾಕೇಜುಗಳಲ್ಲಿ, ಅಂದರೆ ಡಿಪೆಂಡೆನ್ಸಿಗಳಲ್ಲಿ, ತಾವು ಪರೀಕ್ಷಿಸಿದ ಆವೃತ್ತಿಗಳನ್ನಷ್ಟೇ ಒಪ್ಪಿ, ಇನ್ನೂ ಹೊರಬರದ ಪ್ರಧಾನ ಆವೃತ್ತಿಯನ್ನು ಮೇಲ್ಮಿತಿ ಹಾಕಿ ದೂರವಿಡುವುದು ನ್ಯಾಯವಾದದ್ದೇ. 2022ರ ಫೆಬ್ರವರಿಯಲ್ಲಿ ಬಂದ ಮಾರ್ಕಪ್‌ಸೇಫ್ ಎಂಬ ಲೈಬ್ರರಿಯ 2.1.0 ಆವೃತ್ತಿ ಹಳೆಯದೊಂದು ಫಂಕ್ಷನ್ ಅನ್ನು ತೆಗೆದುಹಾಕಿತು. ಆ ಫಂಕ್ಷನ್ ಅನ್ನು ಬಳಸುತ್ತಿದ್ದ, ಜಿಂಜಾ ಎಂಬ ಟೆಂಪ್ಲೇಟ್ ಲೈಬ್ರರಿಯ ಎರಡನೇ ಸರಣಿಯ ಆವೃತ್ತಿಗಳು ಮಾರ್ಕಪ್‌ಸೇಫ್ 0.23 ಅಥವಾ ಅದಕ್ಕಿಂತ ಹೊಸದು ಯಾವುದಾದರೂ ಆದೀತೆಂದು ಹೇಳಿಕೊಂಡಿದ್ದರಿಂದ, ತಮ್ಮ ಕೋಡಿನಲ್ಲಿ ಒಂದಕ್ಷರವನ್ನೂ ಬದಲಿಸದವರ ಬಿಲ್ಡ್‌ಗಳೂ ಇಂಪೋರ್ಟ್ ಹಂತದಲ್ಲೇ ಮುಗ್ಗರಿಸಿದವು. ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಪೈಪಿಐಗೆ ಏರಿಸಿದ ಪ್ಯಾಕೇಜಿನ ಮೆಟಾಡೇಟಾವನ್ನು (ಯಾವ ಡಿಪೆಂಡೆನ್ಸಿಯ ಯಾವ ಆವೃತ್ತಿ ಬೇಕೆಂಬಂಥ ವಿವರವನ್ನು) ಆಮೇಲೆ ತಿದ್ದಲು ಬರುವುದಿಲ್ಲ. ಆದ್ದರಿಂದ ಮಿತಿಯನ್ನು ಮೊದಲೇ ಬರೆದಿಡಬೇಕು. 2024ರ ಜೂನ್‌ನಲ್ಲಿ ಬಂದ, ಗಣಿತ ಲೆಕ್ಕಾಚಾರದ ಲೈಬ್ರರಿ ನಂಪೈ 2.0 ಹಳೆಯ ಬೈನರಿ ಹೊಂದಾಣಿಕೆಯನ್ನು (ಮೊದಲೇ ಕಂಪೈಲ್ ಮಾಡಿದ ಕೋಡು ಹಾಗೆಯೇ ನಡೆಯುವುದನ್ನು) ಮುರಿಯುವುದೆಂದು ಅದರ ತಂಡವೇ ಮುಂಚಿತವಾಗಿ ತಿಳಿಸಿತ್ತು. ಆ ಮಾತನ್ನು ಕೇಳಿ ಎರಡಕ್ಕಿಂತ ಕೆಳಗೆ ಗೆರೆ ಎಳೆದಿದ್ದವರ ಬಳಕೆದಾರರಿಗೆ ಆ ಬಿಡುಗಡೆಯಿಂದ ತೊಂದರೆಯಾಗಲಿಲ್ಲ.

ವಿರೋಧ

ಗೊತ್ತಿರುವ ಒಡಕಿಗೆ ಮಿತಿ ಹಾಕುವುದು ಬೇರೆ, ಊಹಿಸಿಕೊಂಡ ಒಡಕಿಗೆ ಹಾಕುವುದು ಬೇರೆ. ನಂಪೈ ಪ್ರಕರಣ ಮೊದಲ ಬಗೆಯದು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಪೊಯೆಟ್ರಿಯಂತಹ ಪ್ಯಾಕೇಜ್ ನಿರ್ವಹಣಾ ಸಾಧನವು ಡಿಪೆಂಡೆನ್ಸಿ ಸೇರಿಸುವಾಗ ತಾನಾಗಿಯೇ ಬರೆದುಬಿಡುವ ಮೇಲ್ಮಿತಿಯ ಹಿಂದೆ ಯಾರ ವಿವೇಚನೆಯೂ ಇರುವುದಿಲ್ಲ.

ಜಾವಾಸ್ಕ್ರಿಪ್ಟ್ ನಡೆಸುವ ನೋಡ್‌ನಲ್ಲಿ ಒಂದೇ ಪ್ಯಾಕೇಜಿನ ಎರಡು ಆವೃತ್ತಿಗಳು ಅಕ್ಕಪಕ್ಕ ಇರಬಲ್ಲವು. ಪೈಥಾನ್‌ನ ಒಂದು ಎನ್ವಿರಾನ್‌ಮೆಂಟಿನಲ್ಲಿ ಒಂದಕ್ಕೇ ಜಾಗ. ಹಾಗಾಗಿ ಒಂದು ಲೈಬ್ರರಿ ಒಂದು ಪ್ಯಾಕೇಜಿನ ಎರಡಕ್ಕಿಂತ ಕೆಳಗಿನ ಆವೃತ್ತಿ ಬೇಕೆಂದು, ಇನ್ನೊಂದು ಅದರ ಎರಡನೇ ಆವೃತ್ತಿಯೇ ಬೇಕೆಂದು ಹಟ ಹಿಡಿದರೆ, ನಿಜದಲ್ಲಿ ಇವೆರಡೂ ಒಟ್ಟಿಗೆ ಚೆನ್ನಾಗಿಯೇ ನಡೆಯುವಂತಿದ್ದರೂ ಪೈಥಾನ್ ಪ್ಯಾಕೇಜುಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್ ಕೈಚೆಲ್ಲುತ್ತದೆ. ಇದಕ್ಕಿಂತ ಕೆಟ್ಟದ್ದು ಮತ್ತೊಂದಿದೆ. 2020ರಲ್ಲಿ ಬಂದ ಪಿಪ್ 20.3ರ ರಿಸಾಲ್ವರ್ (ಪರಸ್ಪರ ಹೊಂದುವ ಆವೃತ್ತಿಗಳನ್ನು ಹುಡುಕುವ ಭಾಗ), ಮಿತಿ ಹಾಕಿದ ಹೊಸ ಬಿಡುಗಡೆ ಹೊಂದದಿದ್ದರೆ ಹಿಂದೆ ಹಿಂದೆ ಹೋಗಿ, ಮಿತಿಯೇ ಇಲ್ಲದ ಹಳೆಯ ಬಿಡುಗಡೆಯನ್ನು ಆರಿಸಿಕೊಳ್ಳಬಹುದು. ಕಾವಲಿಗೆಂದು ಬರೆದ ಸಾಲೇ ಬಳಕೆದಾರನಿಗೆ ಇನ್ನಷ್ಟು ಹಳೆಯ ಕೋಡನ್ನು ಗಂಟುಹಾಕಿದಂತಾಯಿತು. ಭದ್ರತಾ ತಿದ್ದುಪಡಿ ಹೊಸ ಸರಣಿಯಲ್ಲಿ ಮಾತ್ರ ಬಂದಾಗಲೂ ಈ ಸಾಲು ಅಡ್ಡ ನಿಲ್ಲುತ್ತದೆ. ಡೆಬಿಯನ್‌ನಂತಹ ಲಿನಕ್ಸ್ ವಿತರಣೆಗಳು ಸಾಮಾನ್ಯವಾಗಿ ಒಂದು ಲೈಬ್ರರಿಯ ಒಂದೇ ಆವೃತ್ತಿಯನ್ನು ಇಟ್ಟುಕೊಳ್ಳುವುದರಿಂದ, ಇಂತಹ ಮಿತಿಗಳನ್ನು ಪ್ಯಾಚ್ ಹಾಕಿ ಕಿತ್ತುಹಾಕುವ ಕೆಲಸವೂ ಅಲ್ಲಿನ ಸ್ವಯಂಸೇವಕರ ಮೇಲೆ ಬೀಳುತ್ತದೆ.

ಜಿಂಜಾ ಪ್ರಕರಣದಲ್ಲಿ ಪೆಟ್ಟು ತಿಂದ ಅಪ್ಲಿಕೇಶನ್‌ಗಳಿಗೆ ಲಾಕ್ ಫೈಲ್ (ಪ್ರತಿ ಪ್ಯಾಕೇಜಿನ ನಿಖರ ಆವೃತ್ತಿಯನ್ನು ಬರೆದಿಡುವ ಕಡತ) ಎಂಬ ಉಪಾಯ ಇದ್ದೇ ಇತ್ತು. ಎಲ್ಲ ಆವೃತ್ತಿಗಳನ್ನೂ ನಿಗದಿಪಡಿಸುವ ಅಧಿಕಾರ ಅಪ್ಲಿಕೇಶನ್ನಿನದು, ಏಕೆಂದರೆ ಅದನ್ನು ಬದಲಿಸುವ ಸ್ವಾತಂತ್ರ್ಯವೂ ಅದನ್ನು ನಡೆಸುವವರಿಗೇ ಇರುತ್ತದೆ. ಲೈಬ್ರರಿ ಬರೆಯುವವರು ಕೆಳಮಿತಿಯನ್ನು ಸರಿಯಾಗಿ ಹೇಳಿ, ಡಿಪೆಂಡೆನ್ಸಿಗಳ ಬಿಡುಗಡೆಪೂರ್ವ ಆವೃತ್ತಿಗಳೊಂದಿಗೆ ತಮ್ಮ ಪರೀಕ್ಷೆಗಳನ್ನು ಆಗಾಗ ಓಡಿಸಿ, ಒಡಕು ಕಣ್ಣಿಗೆ ಬಿದ್ದ ದಿನ ಆ ಆವೃತ್ತಿಯೊಂದನ್ನೇ ಹೊರಗಿಟ್ಟರೆ ಸಾಕು.