ಕರಡಿ ಕುಣಿಸಿದವರ ಹೆಸರೂ ಬೇಕಿತ್ತು

ಇನ್ಯೂಟ್ ಜನರ (ಆರ್ಕ್ಟಿಕ್ ಪ್ರದೇಶದ ಮೂಲನಿವಾಸಿಗಳು) ಕಲೆಯಿಂದ ಸ್ಫೂರ್ತಿ ಪಡೆದು ಕಲ್ಲಿನಲ್ಲಿ ಹಿಮಕರಡಿ, ಸೀಲ್ ಕೆತ್ತುವವರ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಓದಿ ಖುಷಿಯಾಯಿತು. ಆದರೆ ಆ ಸ್ಫೂರ್ತಿ ಕೊಟ್ಟ ಒಬ್ಬ ಇನ್ಯೂಟ್ ಕಲಾವಿದರ ಹೆಸರೂ ಲೇಖನದಲ್ಲಿ ಇಲ್ಲ. ಒಂದಾದರೂ ಬೇಕಿತ್ತು ಅಲ್ವಾ?

ಪೌಟಾ ಸೈಲಾ ಅವರನ್ನೇ ತೆಗೆದುಕೊಳ್ಳಿ. ಕೆನಡಾದ ನುನಾವುಟ್‌ನ ಕಿನ್‌ಗೈಟ್ ಊರಿನವರು, 2009ರಲ್ಲಿ ತೀರಿಕೊಂಡರು. ಒಂಟಿ ಕಾಲಿನಲ್ಲಿ ಕುಣಿಯುವ ಅವರ ಹಿಮಕರಡಿಗಳನ್ನು ಫೋಟೋದಲ್ಲಾದರೂ ನೋಡಿ. ದಪ್ಪ ಮೈ, ಜಾಸ್ತಿ ನಯ ನಾಜೂಕಿಲ್ಲ, ಆದರೂ ಜೀವ ತುಂಬಿದೆ. ಅಷ್ಟು ಭಾರದ ಕಲ್ಲು ಒಂದೇ ಕಾಲಿನ ಮೇಲೆ ನಿಲ್ಲಬೇಕಾದರೆ ತೂಕ ಎಲ್ಲಿ ಕೂರುತ್ತದೆ ಅಂತ ಮೊದಲೇ ತಿಳಿದಿರಬೇಕು. ಬೇಟೆಗಾರರೂ ಆಗಿದ್ದ ಅವರಿಗೆ ಕರಡಿಯ ಮೈಕಟ್ಟು ಚೆನ್ನಾಗಿ ಗೊತ್ತಿತ್ತು.

ಅಲ್ಲಿಯ ಹಸಿರು ಸರ್ಪೆಂಟೈನ್ ಕಲ್ಲು ನಮ್ಮ ಬೇಲೂರಿನ ಬಳಪದ ಕಲ್ಲಿನಷ್ಟು ಮೆದುವಲ್ಲ. ಧೂಳಿನ ಕಾಟಕ್ಕೆ ಚಳಿಗಾಲದಲ್ಲೂ ಎಷ್ಟೋ ಜನ ಹೊರಗೆ ಕೂತೇ ಕೆತ್ತುತ್ತಾರೆ.

ಇನ್ನೊಂದು ಮಾತು. ನಕಲಿ ಮಾಲು ಹೆಚ್ಚಿದ್ದರಿಂದ ಕೆನಡಾ ಸರ್ಕಾರ 1958ರಲ್ಲಿ ಕೃತಿ ಇನ್ಯೂಟ್ ಕಲಾವಿದರದ್ದೇ ಎಂದು ತೋರಿಸುವ 'ಇಗ್ಲೂ ಟ್ಯಾಗ್' ಎಂಬ ಗುರುತು ಚೀಟಿ ತಂದಿತು. ಈಗ ಅದನ್ನು ಇನ್ಯೂಟ್ ಆರ್ಟ್ ಫೌಂಡೇಶನ್ ನೋಡಿಕೊಳ್ಳುತ್ತಿದೆ. ಕೊಳ್ಳುವವರು ಆ ಚೀಟಿ ಇದೆಯಾ ಅಂತ ದಯವಿಟ್ಟು ಕೇಳಿ.